'ಸಿಸ್ಟರ್' ಎನ್ನುತ್ತೀರಿ, ಸಂಬಳ ಕೇಳಿದ್ದೀರಾ?

(ಬೆಂಗಳೂರಿನಲ್ಲಿ ನಡೆದ ಕನ್ನಡ ಯುವಕ-ಯುವತಿಯರ ಸಭೆಯೊಂದರಲ್ಲಿ ಖಾಸಗಿ ಆಸ್ಪತ್ರೆಯ ಸ್ಟಾಫ್ ನರ್ಸ್ ಒಬ್ಬರು ಮಾಡಿದ ಭಾಷಣದ ಬರಹರೂಪ. ಅವರ ಕೆಲಸಕ್ಕೆ ಕುತ್ತು ಬರಬಾರದೆಂದು ಹೆಸರುಗಳನ್ನು ಕೈಬಿಟ್ಟಿದ್ದೇವೆ. - ಸಂ.)



ಆಸ್ಪತ್ರೆಯಲ್ಲಿ ನಮ್ಮನ್ನು ಎಲ್ಲರೂ 'ಸಿಸ್ಟರ್' ಎಂದು ಕರೆಯುತ್ತಾರೆ. ಸಿಸ್ಟರ್ ಎಂದರೆ ಅಕ್ಕ. ಎಂಬತ್ತು ವರ್ಷದ ಅಜ್ಜನಿಗೂ ನಾನು ಅಕ್ಕ, ಎಂಟು ವರ್ಷದ ಹುಡುಗನಿಗೂ ಅಕ್ಕ. ಇಷ್ಟು ಜನ ತಮ್ಮಂದಿರಿರುವ ಈ ಅಕ್ಕನಿಗೆ ತಿಂಗಳಿಗೆ ಎಷ್ಟು ಸಂಬಳ, ಅದರಲ್ಲಿ ಅವಳ ಮನೆಯ ಒಲೆ ಹೇಗೆ ಉರಿಯುತ್ತದೆ ಎಂದು ಇಲ್ಲಿಯವರೆಗೆ ಯಾವ ತಮ್ಮನೂ ಕೇಳಿಲ್ಲ. ಇವತ್ತು ನೀವು ಕರೆದು ಮೈಕು ಕೊಟ್ಟಿದ್ದೀರಿ. ಹಾಗಾಗಿ ಲೆಕ್ಕ ಒಪ್ಪಿಸುತ್ತೇನೆ.

ನಾನು ಹಾಸನ ಜಿಲ್ಲೆಯ ಹಳ್ಳಿಯವಳು. ಜಿಎನ್‌ಎಂ ಓದಿದವಳು. ಗಂಡ ಜೊತೆಗಿಲ್ಲ. ಒಬ್ಬಳು ಮಗಳು, ನಾಲ್ಕನೇ ಕ್ಲಾಸು. ಇನ್ನೂರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ಕೆಲಸ. ಸಂಬಳ 20,000 ರೂಪಾಯಿ. ಪಿಎಫ್, ಇಎಸ್‌ಐ ಹಿಡಿದುಕೊಂಡು ಕೈಗೆ ಬರುವುದು 18,410. ಲಗ್ಗೆರೆ ಕಡೆ ಒಂದು ರೂಮು, ಒಂದು ಅಡುಗೆಮನೆಯ ಬಾಡಿಗೆ 6,500. ದಿನಸಿ, ತರಕಾರಿ, ಗ್ಯಾಸು 4,500. ಹಾಲು 700. ಮಗಳ ಶಾಲೆ 2,500. ನೈಟ್ ಡ್ಯೂಟಿ ಇದ್ದಾಗ ಮಗಳನ್ನು ಮಲಗಿಸಿಕೊಳ್ಳುವ ಪಕ್ಕದ ಮನೆಯ ಅಮ್ಮನಿಗೆ 2,500. ಫೋನಿಗೆ 300. ಊರಿನಲ್ಲಿರುವ ನನ್ನ ತಾಯಿಗೆ 1,000. ಕೂಡಿಸಿ ನೋಡಿ, 18,000 ಆಯಿತು. ಉಳಿದದ್ದು 410 ರೂಪಾಯಿ. ಬಟ್ಟೆ, ಚಪ್ಪಲಿ, ಹಬ್ಬ, ಊರಿನಲ್ಲೊಂದು ಮದುವೆ, ಸಾವು, ಎಲ್ಲಕ್ಕೂ ಈ 410ರಲ್ಲೇ ದಾರಿ ಹುಡುಕಬೇಕು.

ಅಯ್ಯೋ ಪಾಪ ಅನ್ನಿಸಿಕೊಳ್ಳಲು ನಾನಿಲ್ಲಿಗೆ ಬಂದಿಲ್ಲ. ನಿಮ್ಮ ಕನ್ನಡದ ಹೋರಾಟಕ್ಕೂ ನನ್ನ ಈ 410 ರೂಪಾಯಿಗೂ ಸಂಬಂಧವಿದೆ. ಅದನ್ನು ಹೇಳಲು ಬಂದಿದ್ದೇನೆ.

ನೀವು ಕೇಳುವ ಪ್ರಶ್ನೆ ನನಗೆ ಗೊತ್ತಿದೆ. 'ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ನರ್ಸುಗಳು ಯಾಕೆ ಸಿಗುವುದಿಲ್ಲ?' ಒಳ್ಳೆಯ ಪ್ರಶ್ನೆ. ನರ್ಸಿಂಗ್ ಕಾಲೇಜುಗಳಿಗೆ ಕರ್ನಾಟಕದಲ್ಲಿ ಬರವಿಲ್ಲ. ಹೊರ ರಾಜ್ಯಗಳಿಂದಲೂ ಮಕ್ಕಳು ಇಲ್ಲಿಗೆ ಬಂದು ಓದುತ್ತಾರೆ. ಹಾಗಿದ್ದರೂ ಯಾದಗಿರಿಯ ಅಜ್ಜಿ ವಾರ್ಡಿನಲ್ಲಿ ಮಲಗಿ 'ಎದಿ ಉರೀತದ' ಎಂದರೆ ಅರ್ಥವಾಗುವ ಕಿವಿ ಹತ್ತಿರದಲ್ಲಿ ಇರುವುದಿಲ್ಲ.

ತಮಾಷೆಯ ಮಾತಲ್ಲ ಇದು. ನೋವಿಗೆ ಕನ್ನಡದಲ್ಲಿ ಎಷ್ಟು ಹೆಸರಿವೆ ನೋಡಿ. ಉರಿ ಬೇರೆ, ಚುಚ್ಚು ಬೇರೆ, ಸೆಳೆತ ಬೇರೆ, ಚಳುಕು ಬೇರೆ, ಜೋಮು ಬೇರೆ, ಸಂಕಟ ಬೇರೆ. ಎದೆಯಲ್ಲಿ ಹಿಂಡಿದಂತಾಗಿ ಎಡಗೈ ಜೋಮು ಹಿಡಿದಿದೆ ಎಂದರೆ ನಾವು ಓಡಬೇಕು. ಎಲ್ಲವನ್ನೂ 'ಪೇನ್' ಎಂದು ಬರೆದುಕೊಂಡರೆ ಯಾವ ನೋವಿಗೆ ಓಡಬೇಕು, ಯಾವುದಕ್ಕೆ ಕಾಯಬಹುದು ಎಂದು ತಿಳಿಯುವುದು ಹೇಗೆ? ರೋಗಿಯ ಭಾಷೆ ಬಾರದಿದ್ದರೆ ಚಿಕಿತ್ಸೆಯೇ ಕೆಡುತ್ತದೆ.

ಇದು ನಮ್ಮ ಆಸ್ಪತ್ರೆಗೂ ಗೊತ್ತು. ಅದಕ್ಕೇ ನನ್ನ ಕನ್ನಡವನ್ನು ಪುಕ್ಕಟೆಯಾಗಿ ಬಳಸಿಕೊಳ್ಳುತ್ತಾರೆ. ಆಪರೇಷನ್ನಿನ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದೆ, ರೋಗಿಯ ಮಗನಿಗೆ ಓದಲು ಬರುವುದಿಲ್ಲ, 'ಸಿಸ್ಟರ್, ಸ್ವಲ್ಪ ಬನ್ನಿ' ಎಂದು ಮೂರನೇ ಮಹಡಿಯಿಂದ ಕರೆ ಬರುತ್ತದೆ. ಬಿಲ್ಲಿನ ಜಗಳಕ್ಕೆ ನಾನು ಬೇಕು, ಸಾವಿನ ಸುದ್ದಿ ತಿಳಿಸಲು ನಾನು ಬೇಕು. ಅತ್ತ ನನ್ನ ವಾರ್ಡಿನ ರೋಗಿಗಳು ಕಾಯುತ್ತಿರುತ್ತಾರೆ. ಬೋಧನಾ ಆಸ್ಪತ್ರೆಯಲ್ಲದ ಕಡೆ ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗೆ ಒಬ್ಬ ನರ್ಸ್ ಇರಬೇಕು ಎನ್ನುವುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ರಾತ್ರಿಪಾಳಿಯಲ್ಲಿ ನನ್ನ ಪಾಲಿಗೆ ಬರುವುದು ಹದಿನೈದು. ಅದರ ಮೇಲೆ ದುಭಾಷಿಯ ಕೆಲಸ. ಅದಕ್ಕೆ ಒಂದು ರೂಪಾಯಿ ಭತ್ಯೆ ಇಲ್ಲ. ಕನ್ನಡ ಬೇಕು, ಕನ್ನಡಕ್ಕೆ ಬೆಲೆ ಕೊಡಲು ಮನಸ್ಸಿಲ್ಲ!

ಇನ್ನು, ಕನ್ನಡದ ನರ್ಸುಗಳು ಎಲ್ಲಿ ಹೋದರು? ನನ್ನ ಜೊತೆ ಓದಿದವರನ್ನೇ ಲೆಕ್ಕ ಹಾಕುತ್ತೇನೆ. ಕೆಲವರು ಸರ್ಕಾರಿ ನೌಕರಿ ಸೇರಿದರು. ಕೆಲವರು ಗಲ್ಫಿಗೆ ಹೋದರು. ಉಳಿದವರು ಮದುವೆಯಾಗಿ, ಮಗುವಾಗಿ, ನೈಟ್ ಡ್ಯೂಟಿ ಸಾಗದೆ ಕೆಲಸ ಬಿಟ್ಟರು. ನಮ್ಮಲ್ಲಿ ಬೆಳಗಿನ ಪಾಳಿ ಆರು ಗಂಟೆ, ಮಧ್ಯಾಹ್ನದ್ದು ಆರು ಗಂಟೆ, ರಾತ್ರಿಯದು ಹನ್ನೆರಡು ಗಂಟೆ. ರಾತ್ರಿ ಎಂಟಕ್ಕೆ ಹೋದವಳು ಬೆಳಿಗ್ಗೆ ಎಂಟಕ್ಕೆ ಬರುತ್ತಾಳೆ. ಮನೆಯಲ್ಲಿ ಗಂಡನೋ ಅತ್ತೆಯೋ ಇದ್ದರೆ ಮಗು ಮಲಗಿಕೊಳ್ಳುತ್ತದೆ. ಒಬ್ಬಂಟಿ ತಾಯಿ ಏನು ಮಾಡಬೇಕು?

ಆಡಳಿತ ಮಂಡಳಿಗೆ ಬೇಕಾದದ್ದು ಹಾಸ್ಟೆಲ್ಲಿನಲ್ಲಿರುವ ಇಪ್ಪತ್ತೆರಡರ ಹುಡುಗಿ. ಅವಳ ಊರು ದೂರ, ಹಾಗಾಗಿ ಪದೇಪದೇ ರಜೆ ಕೇಳುವುದಿಲ್ಲ. ಕರೆದಾಗ ಬರುತ್ತಾಳೆ. ಒರಿಜಿನಲ್ ಸರ್ಟಿಫಿಕೇಟು ಆಸ್ಪತ್ರೆಯ ಬೀರುವಿನಲ್ಲಿದ್ದರೆ, ಬಾಂಡಿಗೆ ಸಹಿ ಹಾಕಿದ್ದರೆ, ಬಾಯಿ ಬಿಡುವುದಿಲ್ಲ. ಇದೇ ಊರಿನಲ್ಲಿ ಮನೆ ಮಾಡಿಕೊಂಡು, ಮಗು ಇಟ್ಟುಕೊಂಡು, ನಾಳೆ ಮಗುವಿಗೆ ಜ್ವರ ಎಂದು ರಜೆ ಕೇಳುವ ನನ್ನಂಥವಳು ಅವರಿಗೆ ಭಾರ. ಕನ್ನಡದವಳನ್ನು ಹೊರಗಿಡಬೇಕೆಂದು ಯಾರೂ ಠರಾವು ಮಾಡಿಲ್ಲ. ಸಂಸಾರ ಇರುವವಳನ್ನು ಹೊರಗಿಟ್ಟರೆ ಸಾಕು, ಕನ್ನಡ ತಾನಾಗಿ ಹೊರಗೆ ಹೋಗುತ್ತದೆ.

ಆದ್ದರಿಂದ ತಮ್ಮಂದಿರೇ, ಕೇರಳದಿಂದ ಬಂದ ಹುಡುಗಿಯ ಮೇಲೆ ಹರಿಹಾಯಬೇಡಿ. ಅವಳೂ ನನ್ನ ಹಾಗೆ ಕಾಲು ಊದಿಸಿಕೊಂಡು ನಿಂತವಳು. ಅವಳ ನಾಡಿನಿಂದ ಕಲಿಯುವುದೂ ಇದೆ. 2017ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸುಗಳು ಮುಷ್ಕರ ಹೂಡಿದರು. 2018ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ 20,000 ರೂಪಾಯಿ ಕನಿಷ್ಠ ಮೂಲವೇತನದ ಅಧಿಸೂಚನೆ ಹೊರಡಿಸಿತು. ಅವರ ಬೆನ್ನಿಗೆ ಸಂಘಟನೆ ಇತ್ತು. ನಮ್ಮ ಬೆನ್ನಿಗೆ ಯಾರಿದ್ದಾರೆ?

ಕಾಗದದ ಮೇಲೆ ನಮಗೂ ಬೇಕಾದಷ್ಟಿದೆ. 2016ರ ಜನವರಿ 29ರಂದು ಸುಪ್ರೀಂ ಕೋರ್ಟು ಖಾಸಗಿ ನರ್ಸುಗಳ ಸ್ಥಿತಿ ನೋಡಲು ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಸಮಿತಿ ಕೊಟ್ಟ ಲೆಕ್ಕ ಕೇಳಿ. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆ ಸರ್ಕಾರಿ ನರ್ಸಿಗೆ ಸಮನಾದ ಸಂಬಳ ಕೊಡಬೇಕು. 100 ದಾಟಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. 50ರಿಂದ 100 ಇದ್ದರೆ ಶೇ. 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. 50ಕ್ಕಿಂತ ಕಡಿಮೆ ಹಾಸಿಗೆಯ ಚಿಕ್ಕ ನರ್ಸಿಂಗ್ ಹೋಮೂ 20,000ಕ್ಕಿಂತ ಕಡಿಮೆ ಕೊಡಕೂಡದು. 2016ರಲ್ಲಿ ಸಣ್ಣ ನರ್ಸಿಂಗ್ ಹೋಮಿಗೆ ಹೇಳಿದ ಕನಿಷ್ಠ ಸಂಬಳವನ್ನು ಇನ್ನೂರಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆ ಇವತ್ತು ನನಗೆ ಕೊಡುತ್ತಿದೆ. ಶಿಫಾರಸು ರಾಜ್ಯಗಳಿಗೆ ಬಂತು, ನನ್ನ ಸಂಬಳದ ಚೀಟಿಗೆ ಬರಲಿಲ್ಲ.

ಮಗುವಿನ ವಿಷಯಕ್ಕೆ ಬನ್ನಿ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೊಠಡಿ ಇರಬೇಕೆಂದು 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಎಷ್ಟು ಆಸ್ಪತ್ರೆಗಳಲ್ಲಿ ಅದು ರಾತ್ರಿ ತೆರೆದಿರುತ್ತದೆ ಎಂದು ನೀವೇ ಹೋಗಿ ನೋಡಿ. ಇಎಸ್‌ಐ ಕಾರ್ಡಿದೆ. ನನಗೇ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಸಿಗುತ್ತದೆ. ಮಗಳಿಗೆ ಕಾಯಿಲೆಯಾದರೆ ಔಷಧಿ ಸಿಗುತ್ತದೆ, ಪಕ್ಕದಲ್ಲಿ ಕುಳಿತ ನನ್ನ ದಿನಗೂಲಿ ಸಿಗುವುದಿಲ್ಲ.

ಸರ್ಕಾರ 2023ರಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ತಂದಿತು. ಒಳ್ಳೆಯದೇ. ಆದರೆ ಯಜಮಾನಿ ಯಾರೆಂದು ಹೇಳುವುದು ರೇಷನ್ ಕಾರ್ಡು. ಗಂಡ ಬಿಟ್ಟವಳ ಹೆಸರು ಎಷ್ಟೋ ಸಲ ಗಂಡನ ಮನೆಯ ಕಾರ್ಡಿನಲ್ಲೇ ಉಳಿದಿರುತ್ತದೆ. ಅಲ್ಲಿ ಯಜಮಾನಿ ಅತ್ತೆ. ದುಡ್ಡು ಹೋಗುವುದು ಅತ್ತೆಯ ಖಾತೆಗೆ. ಹೆಸರು ತೆಗೆಸಿ ಹೊಸ ಕಾರ್ಡು ಮಾಡಿಸಲು ಅಲೆಯಬೇಕು, ಅಲೆಯಲು ರಜೆ ಬೇಕು, ರಜೆ ಹಾಕಿದರೆ ಸಂಬಳ ಕಟ್. ಎಷ್ಟೋ ಮಂದಿ ಅಲ್ಲಿಗೇ ಕೈಚೆಲ್ಲುತ್ತಾರೆ.

ಶಾಲೆಯ ಮಾತು ಕೇಳಿದರೆ ನಿಮಗೆ ನೋವಾಗಬಹುದು. ನನ್ನ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾಳೆ. ಇಂಗ್ಲಿಷಿನ ವ್ಯಾಮೋಹದಿಂದಲ್ಲ. ನಮ್ಮ ಬೀದಿಯ ಕನ್ನಡ ಶಾಲೆ ಸಂಜೆ ನಾಲ್ಕೂವರೆಗೆ ಬೀಗ ಹಾಕುತ್ತದೆ. ಈ ಖಾಸಗಿ ಶಾಲೆ ಸಂಜೆ ಏಳರವರೆಗೆ ಮಕ್ಕಳನ್ನು ಕೂರಿಸಿಕೊಳ್ಳುತ್ತದೆ. ಮಧ್ಯಾಹ್ನದ ಪಾಳಿ ಮುಗಿಸಿ ನಾನು ಮನೆ ಮುಟ್ಟುವುದು ಒಂಬತ್ತಕ್ಕೆ. ನಾಲ್ಕೂವರೆಯಿಂದ ಒಂಬತ್ತರವರೆಗೆ ಒಂಬತ್ತು ವರ್ಷದ ಹೆಣ್ಣುಮಗುವನ್ನು ಯಾವ ಧೈರ್ಯದ ಮೇಲೆ ಬೀದಿಯಲ್ಲಿ ಬಿಡಲಿ? ಕನ್ನಡ ಶಾಲೆ ಉಳಿಸಿ ಎಂದು ಗೋಡೆಯ ಮೇಲೆ ಬರೆಯುತ್ತೀರಿ. ದುಡಿಯುವ ತಾಯಿ ಬರುವವರೆಗೆ ಆ ಶಾಲೆಯ ಬಾಗಿಲು ತೆರೆದಿಡಿ ಎಂದೂ ಬರೆಯಿರಿ. ಅದೊಂದು ಆದರೆ ನಾಳೆಯೇ ನಾನು ಮಗಳನ್ನು ಕನ್ನಡ ಶಾಲೆಗೆ ಸೇರಿಸುತ್ತೇನೆ.

ಶಾಲೆಯ ಅರ್ಜಿಯಲ್ಲಿ 'ತಂದೆಯ ಸಹಿ' ಎಂದು ಪೀಡಿಸುವುದು ಇನ್ನೂ ನಿಂತಿಲ್ಲ. ತಾಯಿಯೂ ಸಹಜ ಪೋಷಕಿ ಆಗಬಲ್ಲಳು ಎಂದು 1999ರಲ್ಲಿ ಗೀತಾ ಹರಿಹರನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿ ಕಾಲು ಶತಮಾನ ದಾಟಿತು. ಜೀವನಾಂಶದ ಅರ್ಜಿಯನ್ನು 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಹಾಕಬೇಕು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಬೇಕೆಂದು 2020ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಇದನ್ನು ನಿಮ್ಮ ಓಣಿಯ ಅಕ್ಕಂದಿರಿಗೆ ಕನ್ನಡದಲ್ಲಿ ಹೇಳಿ. ಕರಪತ್ರ ಅಚ್ಚು ಹಾಕಿಸುವುದು ನಿಮಗೇನು ಹೊಸದಲ್ಲವಲ್ಲ!

ಜರ್ಮನಿಗೆ ನರ್ಸ್ ಆಗಿ ಹೋಗಲು ಈಗ ನಮ್ಮ ಹುಡುಗಿಯರು ಜರ್ಮನ್ ಕಲಿಯುತ್ತಿದ್ದಾರೆ. ಪೂರ್ಣ ಪ್ರಮಾಣದ ನರ್ಸ್ ಎಂದು ಮಾನ್ಯತೆ ಪಡೆಯಲು ಅಲ್ಲಿ ಸಾಮಾನ್ಯವಾಗಿ ಬಿ-2 ಹಂತದ ಭಾಷಾ ಪರೀಕ್ಷೆ ಪಾಸಾಗಿರಬೇಕು. ಅದನ್ನು ಯಾರೂ ಭಾಷಾಂಧತೆ ಎನ್ನುವುದಿಲ್ಲ, ರೋಗಿಯ ಸುರಕ್ಷತೆ ಎನ್ನುತ್ತಾರೆ. ಬೆಂಗಳೂರಿನಲ್ಲಿ ಕನ್ನಡ ಕೇಳಿದರೆ ಮಾತ್ರ ಸಂಕುಚಿತರು! 1986ರಲ್ಲಿ ಸರೋಜಿನಿ ಮಹಿಷಿ ವರದಿ ಬಂತು. 2024ರ ಜುಲೈನಲ್ಲಿ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಸಂಪುಟ ಒಪ್ಪಿತು, ಉದ್ಯಮಿಗಳು ಗದ್ದಲ ಮಾಡಿದ ಕೂಡಲೇ ತಡೆಹಿಡಿಯಿತು. ಮೀಸಲಾತಿ ಬಂದರೂ ನೆನಪಿಡಿ, ಬದುಕಲು ಸಾಲದ ಸಂಬಳದ ಕುರ್ಚಿಯನ್ನು ಕಾದಿರಿಸಿದರೆ ಅದರಲ್ಲಿ ಕೂರಲು ಯಾರೂ ಬರುವುದಿಲ್ಲ.

ನಾನು ಕೇಳುವುದು ಐದೇ. 2016ರ ಸಮಿತಿಯ ವೇತನಕ್ಕೆ ಕರ್ನಾಟಕದಲ್ಲಿ ಕಾನೂನಿನ ಬಲ ಬರಲಿ. ಬಾಂಡು ಹೋಗಲಿ, ಸರ್ಟಿಫಿಕೇಟು ಅವರವರ ಕೈಗೆ ಬರಲಿ. ರಾತ್ರಿಪಾಳಿ ಇರುವ ಕಡೆ ರಾತ್ರಿಯೂ ತೆರೆದಿರುವ ಶಿಶುಪಾಲನಾ ಕೊಠಡಿ ಇರಲಿ. ಹೊರಗಿನಿಂದ ಬಂದ ನರ್ಸುಗಳಿಗೆ ಆಸ್ಪತ್ರೆಯೇ ತನ್ನ ಖರ್ಚಿನಲ್ಲಿ, ಡ್ಯೂಟಿ ವೇಳೆಯಲ್ಲಿ ಕನ್ನಡ ಕಲಿಸಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ.

ನೀವು ಸರ್ಕಾರಕ್ಕಾಗಿ ಕಾಯಬೇಕಾಗಿಲ್ಲ. ನಿಮ್ಮವರನ್ನು ಆಸ್ಪತ್ರೆಗೆ ಸೇರಿಸಿದಾಗ ಕನ್ನಡದ ಒಪ್ಪಿಗೆ ಪತ್ರ ಕೊಟ್ಟ ಮೇಲೇ ಸಹಿ ಎನ್ನಿ. ಪ್ರಾಣಾಪಾಯ ಇದ್ದಾಗ ಮಾತ್ರ ಹಟ ಬೇಡ, ಮೊದಲು ಜೀವ. ನಿಮ್ಮ ಬಡಾವಣೆಯಲ್ಲಿ ಗಂಡ ಬಿಟ್ಟವಳ ರೇಷನ್ ಕಾರ್ಡಿಗಾಗಿ ಒಂದು ದಿನ ಆಹಾರ ಇಲಾಖೆಯ ಕಚೇರಿಯಲ್ಲಿ ನಿಲ್ಲಿ. ನಾವು ವೇತನ ಕೇಳಿ ಕಾರ್ಮಿಕ ಇಲಾಖೆಗೆ ಅರ್ಜಿ ಒಯ್ದಾಗ ಐವತ್ತು ಜನ ಬಾವುಟ ಹಿಡಿದು ಜೊತೆಗೆ ಬನ್ನಿ. ನಾಮಫಲಕಕ್ಕೆ ಬರುವಷ್ಟೇ ಜನ ಸಾಕು.

ಇವತ್ತು ನನಗೆ ರಾತ್ರಿಪಾಳಿ. ಎಂಟಕ್ಕೆ ಪಂಚ್ ಮಾಡಬೇಕು. ಬಸ್ಸಿಗೆ ಹೊತ್ತಾಯಿತು, ಬರುತ್ತೇನೆ.

ಜೈ ಕರ್ನಾಟಕ!