ಹಾಲು ಕೊಟ್ಟು ಅಂಕ ಪಡೆಯುವುದೇ? ವಿನಿಮಯ ಜಾಲಕ್ಕೆ ಸೇರುವ ಮುನ್ನ

(ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಹಾಲು ಉತ್ಪಾದಕ ಸದಸ್ಯರ ಮುಂದೆ ಆಡಿದ ಮಾತಿನ ಬರಹರೂಪ)



ನಿಮ್ಮಲ್ಲಿ ಕೆಲವರು ಈಚೆಗೆ ಒಂದು ಪ್ರಶ್ನೆ ಕೇಳುತ್ತಿದ್ದೀರಿ. ವ್ಯಾಪಾರಸ್ಥರು ಒಟ್ಟು ಸೇರಿ ವಿನಿಮಯ ಜಾಲ ಎಂದು ಮಾಡಿಕೊಳ್ಳುತ್ತಾರಂತೆ. ಸದಸ್ಯತ್ವದ ಹಣ ಕಟ್ಟಿ ಸೇರಬೇಕು. ನಮ್ಮಲ್ಲಿರುವ ಸರಕನ್ನು ಜಾಲದ ಇನ್ನೊಬ್ಬ ಸದಸ್ಯರಿಗೆ ಕೊಟ್ಟರೆ ನಮ್ಮ ಖಾತೆಗೆ ರೂಪಾಯಿ ಬದಲು ಅಂಕ ಬೀಳುತ್ತದೆ. ಆ ಅಂಕ ಕೊಟ್ಟು ಜಾಲದ ಅಂಗಡಿಯಲ್ಲಿ ಹಿಂಡಿ, ಬೂಸಾ, ತಗಡು, ಪೈಪು ತರಬಹುದು. "ಇದಕ್ಕೆ ಹಾಲು ಹಾಕಬಹುದಾ? ಮೆಣಸು ಹಾಕಬಹುದಾ? ಸೇರಿದರೆ ಲಾಭ ಉಂಟಾ?" ಎಂಬುದು ನಿಮ್ಮ ಪ್ರಶ್ನೆ. ಸೇರಬೇಡಿ ಎಂದು ಒಂದೇ ಮಾತಿನಲ್ಲಿ ಹೇಳಿ ಕೂರುವುದು ಸುಲಭ. ಆದರೆ ಲೆಕ್ಕ ತಿಳಿದು ಬೇಡ ಅನ್ನುವುದು ಬೇರೆ, ಹೆದರಿ ಬೇಡ ಅನ್ನುವುದು ಬೇರೆ.

ಸಾಟಿ ವ್ಯಾಪಾರ ಮಲೆನಾಡಿನವರಿಗೆ ಹೊಸದಲ್ಲ. ಘಟ್ಟದ ಕೆಳಗಿನಿಂದ ಉಪ್ಪು, ಒಣಮೀನು ಮೇಲೆ ಬರುತ್ತಿತ್ತು, ನಮ್ಮ ಅಕ್ಕಿ ಕೆಳಗೆ ಇಳಿಯುತ್ತಿತ್ತು. ಕಮ್ಮಾರ, ಬಡಗಿ, ಕ್ಷೌರಿಕರಿಗೆ ವರ್ಷಕ್ಕೊಮ್ಮೆ ಕಣದಲ್ಲಿ ಭತ್ತ ಅಳೆದು ಕೊಡುತ್ತಿದ್ದೆವು. ನಾಟಿ ಕಾಲಕ್ಕೆ ಮುಯ್ಯಾಳು ಇತ್ತು. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯ ಇಬ್ಬರು, ನಾಳಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯ ಇಬ್ಬರು. ಇದು ನಡೆದದ್ದು ಯಾಕೆ? ಕೊಡುವವರು, ತೆಗೆದುಕೊಳ್ಳುವವರು ಒಂದೇ ಊರಿನವರು. ಇವತ್ತು ಆಳು ಪಡೆದು ನಾಳೆ ಬಾರದೆ ಇದ್ದರೆ ಆ ಮನೆಯವರಿಗೆ ಊರಿನಲ್ಲಿ ಮುಖ ತೋರಿಸಲು ಆಗುತ್ತಿರಲಿಲ್ಲ. ಬರಹದ ಪತ್ರ ಇಲ್ಲದಿದ್ದರೂ ಜಾಮೀನು ಇತ್ತು. ಈಗ ಗದ್ದೆಗಳೇ ಬೀಳು ಬಿದ್ದಿವೆ, ಆನೆ ಕಾಟಕ್ಕೆ ಭತ್ತ ಬಿಟ್ಟವರು ಎಷ್ಟೋ ಮಂದಿ. ಮುಯ್ಯಾಳೂ ಗದ್ದೆಯ ಜೊತೆಗೇ ಕಡಿಮೆಯಾಯಿತು.

ಹೊರದೇಶಗಳಲ್ಲಿ ಇಂಥ ಜಾಲ ಗಟ್ಟಿಯಾಗಿ ನಿಂತದ್ದೂ ಇದೆ, ಮುಳುಗಿದ್ದೂ ಇದೆ. ಸ್ವಿಟ್ಜರ್ಲೆಂಡಿನಲ್ಲಿ 1934ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಕೈಯಲ್ಲಿ ಸರಕಿದ್ದೂ ಕೊಳ್ಳುವವರ ಬಳಿ ಹಣವಿಲ್ಲದ ಸಣ್ಣ ವ್ಯಾಪಾರಸ್ಥರು 'ವಿರ್' ಎಂಬ ಸಹಕಾರ ಸಂಸ್ಥೆ ಕಟ್ಟಿದರು. ಅವರ ಲೆಕ್ಕದ ಒಂದು ವಿರ್ ಅಲ್ಲಿನ ಒಂದು ಫ್ರಾಂಕಿಗೆ ಸಮ. ಅದು ನಿಂತಿತು, ಮುಂದೆ ಬ್ಯಾಂಕೇ ಆಯಿತು. ಅಂಥ ಸಂಸ್ಥೆಗೂ ಒಂದು ತಲೆನೋವು ತಪ್ಪಲಿಲ್ಲ. ವಿರ್ ಸಂಗ್ರಹವಾಗಿ ಖರ್ಚು ಮಾಡಲು ದಾರಿ ಕಾಣದವರು ಅದನ್ನು ಹೊರಗೆ ಕಡಿಮೆ ದರಕ್ಕೆ ನಗದಿಗೆ ಮಾರತೊಡಗಿದರು. 1973ರಲ್ಲಿ ಸಂಸ್ಥೆ ಅದನ್ನು ನಿಷೇಧಿಸಬೇಕಾಯಿತು. ಅಷ್ಟು ಶಿಸ್ತಿನ ದೇಶದಲ್ಲೂ ಅಂಕಕ್ಕಿಂತ ನಗದು ಒಂದು ತೂಕ ಹೆಚ್ಚೇ ಎಂಬುದು ಇದರಿಂದ ಗೊತ್ತಾಗುತ್ತದೆ.

ಅರ್ಜೆಂಟೀನಾದ ಕಥೆ ಬೇರೆ. 1995ರಲ್ಲಿ ಬ್ಯೂನಸ್ ಐರಿಸ್ ಹತ್ತಿರದ ಬೆರ್ನಾಲ್ ಎಂಬಲ್ಲಿ ನೆರೆಹೊರೆಯ ಕೆಲವೇ ಜನ ಸೇರಿ ವಿನಿಮಯ ಸಂತೆ ಶುರು ಮಾಡಿದರು. ಪರಸ್ಪರ ಗುರುತಿದ್ದವರು, ಚೆನ್ನಾಗಿ ನಡೆಯಿತು. 2001ರ ಕೊನೆಗೆ ಆ ದೇಶದಲ್ಲಿ ಬ್ಯಾಂಕಿನಿಂದ ಹಣ ತೆಗೆಯುವುದೇ ಕಷ್ಟವಾದಾಗ ಲಕ್ಷಾಂತರ ಜನ ಅದರೊಳಗೆ ನುಗ್ಗಿದರು. ವಿನಿಮಯದ ಚೀಟಿಗಳನ್ನು ಮಿತಿಯಿಲ್ಲದೆ ಅಚ್ಚು ಹಾಕಿದರು, ಕಳ್ಳ ಚೀಟಿಗಳೂ ಬಂದವು. ಸಂತೆಯಲ್ಲಿ ಹಳೆ ಬಟ್ಟೆ ರಾಶಿ ಬಿದ್ದಿರುತ್ತಿತ್ತು, ಹಿಟ್ಟು, ಎಣ್ಣೆ ಮಾತ್ರ ಸಿಗುತ್ತಿರಲಿಲ್ಲ. 2002 ಮುಗಿಯುವಷ್ಟರಲ್ಲಿ ಬಹುಪಾಲು ಸಂತೆಗಳು ಕುಸಿದವು. ಆಹಾರ ಪದಾರ್ಥ ಬೆಳೆಯುವವರಿಗೆ, ಮಾರುವವರಿಗೆ ನಗದಿನ ಖರ್ಚು ಇರುತ್ತದೆ. ಅವರು ಚೀಟಿ ಹಿಡಿದು ಎಷ್ಟು ದಿನ ಕೂರುತ್ತಾರೆ?

ನಾವೂ ಆಹಾರ ಪದಾರ್ಥದವರೇ ತಾನೇ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು, ದರ ನಿಮ್ಮ ಊರಿನದು ಹಾಕಿಕೊಳ್ಳಿ. ಸಂಘದಲ್ಲಿ ಲೀಟರಿಗೆ 35 ರೂಪಾಯಿ ಬರುತ್ತದೆ, ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ ಸೇರಿ 40 ಎಂದಿಟ್ಟುಕೊಳ್ಳಿ. ಜಾಲದವರು 42 ಅಂಕ ಕೊಡುತ್ತೇವೆ ಅನ್ನುತ್ತಾರೆ. ಎರಡು ಹೆಚ್ಚು ಬಂತಲ್ಲ ಎಂದು ಮನಸ್ಸು ಓಡುತ್ತದೆ. ಆದರೆ ಪಶು ಆಹಾರದ ಒಂದು ಮೂಟೆ ನಗದಿಗೆ 1,200 ರೂಪಾಯಿ ಇದ್ದರೆ, ಅಂಕ ತೆಗೆದುಕೊಳ್ಳುವ ಅಂಗಡಿಯವರು 1,400 ಅಂಕ ಕೇಳುತ್ತಾರೆ. ಅವರದೂ ತಪ್ಪಲ್ಲ, ಆ ಅಂಕವನ್ನು ಅವರು ಮತ್ತೆ ಎಲ್ಲೋ ಖರ್ಚು ಮಾಡಬೇಕಲ್ಲ. ಸಂಘದ ದಾರಿಯಲ್ಲಿ ಆ ಮೂಟೆಗೆ ನೀವು ಕೊಡುವುದು 30 ಲೀಟರ್ ಹಾಲು. ಜಾಲದ ದಾರಿಯಲ್ಲಿ 33 ಲೀಟರ್ ದಾಟುತ್ತದೆ. ಇದರ ಮೇಲೆ ಜಾಲ ನಡೆಸುವವರ ದಲ್ಲಾಳಿ, ಅದು ಸಾಮಾನ್ಯವಾಗಿ ನಗದಿನಲ್ಲೇ. ನೂರಕ್ಕೆ ಐದು ಎಂದರೂ 70 ರೂಪಾಯಿ ಹೋಯಿತು. ಪ್ರೋತ್ಸಾಹಧನವಂತೂ ಸಹಕಾರ ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ. ವರ್ಷದ ಕೊನೆಯ ಬೋನಸ್ಸೂ ಸಂಘಕ್ಕೆ ಹಾಕಿದ ಹಾಲಿನ ಲೆಕ್ಕಕ್ಕೇ. ಮತದಾನದ ಹಕ್ಕಿಗೆ ಇಷ್ಟು ದಿನ, ಇಷ್ಟು ಲೀಟರ್ ಹಾಕಿರಬೇಕೆಂಬ ನಿಯಮವೂ ಇರುತ್ತದೆ. ನಿಮ್ಮ ಸಂಘದ ಬೈಲಾ ತೆಗೆದು ನೋಡಿ.

ಇನ್ನೊಂದು ಮುಖ್ಯ ಮಾತು. ಇಂಥ ಜಾಲ ಯಾರಿಗೆ ಒದಗುತ್ತದೆ ಎಂದರೆ ಖಾಲಿ ಬಿದ್ದ ಸರಕು ಇರುವವರಿಗೆ. ಹೆತ್ತೂರು, ಹಾನಬಾಳು ಕಡೆ ಹೋಂಸ್ಟೇ ಮಾಡಿಕೊಂಡವರನ್ನೇ ನೋಡಿ. ಮಳೆಗಾಲದ ವಾರದ ದಿನ ಅವರ ಕೋಣೆ ಖಾಲಿ ಇದ್ದರೆ ಆ ರಾತ್ರಿಯ ಆದಾಯ ಹೋದ ಹಾಗೆಯೇ, ಮಾರನೆಯ ದಿನ ತಿರುಗಿ ಸಿಗುವುದಿಲ್ಲ. ಅಂಥವರು ಕೋಣೆಯನ್ನು ಅಂಕಕ್ಕೆ ಕೊಟ್ಟು ಬಣ್ಣ ಹೊಡೆಸಿಕೊಂಡರೆ, ಬೋರ್ಡು ಬರೆಸಿಕೊಂಡರೆ ಬಂದದ್ದೆಲ್ಲ ಲಾಭ. ನಿಂತ ಜೀಪು ಇರುವವರಿಗೆ, ಅಂಗಡಿಯಲ್ಲಿ ಹೋಗದ ಮಾಲು ಇರುವವರಿಗೂ ಹಾಗೆಯೇ. ನಮ್ಮ ಹಾಲು ಹಾಗಲ್ಲ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಸಂಘದ ಬಾಗಿಲು ತೆರೆದಿರುತ್ತದೆ. 2020ರ ಏಪ್ರಿಲಿನಲ್ಲಿ ಕೊರೊನಾ ಬಂದು ಹೋಟೆಲು ಮುಚ್ಚಿ ಹಾಲು ಮಿಕ್ಕಿದಾಗಲೂ ಸರ್ಕಾರ ಆ ಹಾಲನ್ನು ಕೊಂಡು ಬಡವರಿಗೆ ಉಚಿತವಾಗಿ ಹಂಚಿತು. ಕೊಳ್ಳುವವರಿರುವ ಸರಕನ್ನು ಅಂಕಕ್ಕೆ ಕೊಡುವುದೆಂದರೆ ನಗದನ್ನು ಚೀಟಿಗೆ ಮಾರಿದ ಹಾಗೆ. ಚೀಟಿ ಹಿಡಿದು ಕಾಯುವುದು ಏನೆಂದು ನಮ್ಮ ಹಿರಿಯ ಕಾಫಿ ಬೆಳೆಗಾರರನ್ನು ಕೇಳಿ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಾಗ ಕಾಫಿ ಪೂಲಿಗೆ ಕೊಟ್ಟು ಹಣಕ್ಕೆ ಕಂತುಕಂತಾಗಿ ಕಾಯಬೇಕಿತ್ತು. 1992ರಿಂದ 1996ರ ನಡುವೆ ಹಂತಹಂತವಾಗಿ ಅದು ಸಡಿಲವಾಯಿತು. ಅಲ್ಲಿ ಸರ್ಕಾರಿ ಮಂಡಳಿಯಾದರೂ ಹಿಂದೆ ನಿಂತಿತ್ತು.

ಹಾಗೆ ನೋಡಿದರೆ ನಿಮ್ಮ ಹಾಲಿನ ಸಂಘವೇ ಒಂದು ವಿನಿಮಯ ಜಾಲ. ಹಾಲು ಹಾಕುತ್ತೀರಿ, ಫ್ಯಾಟು, ಡಿಗ್ರಿ ನೋಡಿ ಪಾಸ್‌ಪುಸ್ತಕಕ್ಕೆ ಬರೆಯುತ್ತಾರೆ. ಪಶು ಆಹಾರ, ಖನಿಜ ಮಿಶ್ರಣ ಒಯ್ದರೆ ಬಟವಾಡೆಯಲ್ಲಿ ಮುರಿದುಕೊಂಡು ಉಳಿದದ್ದನ್ನು ನಗದಾಗಿ ಬ್ಯಾಂಕಿಗೆ ಹಾಕುತ್ತಾರೆ. ಮಕ್ಕಳ ಶಾಲೆ ಶುಲ್ಕ, ಕರೆಂಟು ಬಿಲ್ಲು, ಸೊಸೈಟಿ ಸಾಲದ ಕಂತು ಇವಾವನ್ನೂ ಅಂಕದಲ್ಲಿ ಕಟ್ಟಲಾಗುವುದಿಲ್ಲ. ತಕರಾರು ಬಂದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಂತೆ ಸಹಕಾರ ಇಲಾಖೆಯ ಮುಂದೆ ದಾವೆ ಹೂಡಬಹುದು. ಸಂಘದ ಲೆಕ್ಕ ವರ್ಷಕ್ಕೊಮ್ಮೆ ಆಡಿಟ್ ಆಗುತ್ತದೆ. ಜಾಲದವರು ಬಾಗಿಲು ಮುಚ್ಚಿದರೆ ನಿಮ್ಮ ಅಂಕಕ್ಕೆ ಯಾರ ಬಾಗಿಲು ತಟ್ಟುತ್ತೀರಿ? ತಾಯಂದಿರು ಇನ್ನೊಂದು ಮಾತು ಗಮನಿಸಬೇಕು. ಸಂಘದಲ್ಲಿ ಸದಸ್ಯತ್ವ ನಿಮ್ಮ ಹೆಸರಿನಲ್ಲಿದ್ದರೆ ಬಟವಾಡೆ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ಜಾಲದ ಖಾತೆ ಯಾರ ಹೆಸರಿನಲ್ಲಿರುತ್ತದೆ, ಅಂಕ ಯಾರು ಖರ್ಚು ಮಾಡುತ್ತಾರೆ ಎಂದು ಮೊದಲೇ ಕೇಳಿ. ಹಾಲು ಕರೆಯುವವರು ಒಬ್ಬರು, ಅಂಕಕ್ಕೆ ಟಿ.ವಿ. ತರುವವರು ಇನ್ನೊಬ್ಬರು ಆಗಬಾರದು.

ಹಿಂಡಿ ಮೂಟೆ ಸಾಲಕ್ಕೆ ಇಳಿಸಿ "ಹಾಲಿನಲ್ಲಿ ತೀರಿಸಿ" ಅನ್ನುವ ಹೊರಗಿನವರದೂ ಇದೇ ಜಾತಿಯ ವ್ಯವಹಾರ. ಮೂಟೆಯ ದರವೂ ಅವರದೇ, ಹಾಲಿನ ದರವೂ ಅವರದೇ, ಅಳತೆಯೂ ಅವರದೇ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಸುಟ್ಟುಕೊಂಡವರು ನಿಮ್ಮಲ್ಲೇ ಇದ್ದೀರಿ.

ತೆರಿಗೆಯ ಮಾತನ್ನೂ ಹೇಳಿಬಿಡುತ್ತೇನೆ. ಅಂಕದ ವ್ಯವಹಾರಕ್ಕೆ ತೆರಿಗೆ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2017ರ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 7ನೇ ಕಲಮು ಮಾರಾಟದ ಜೊತೆಗೆ ಸಾಟಿಯನ್ನೂ ವಿನಿಮಯವನ್ನೂ ಹೆಸರಿಸಿದೆ. ಹಸಿ ಹಾಲಿಗೆ ತೆರಿಗೆ ಇಲ್ಲ, ಅದು ಬೇರೆ ಮಾತು. ತೋಟದ ಜೊತೆಗೆ ಅಂಗಡಿಯೋ ಹೋಂಸ್ಟೇಯೋ ಇದ್ದವರು ಮಾತ್ರ ತಮ್ಮ ಲೆಕ್ಕಪತ್ರ ನೋಡುವವರನ್ನು ಕೇಳಿಕೊಂಡು ಮುಂದುವರಿಯಿರಿ.

ಹಾಗಾದರೆ ವಿನಿಮಯವೇ ಬೇಡವೇ? ಬೇಕು. ಹಾಲನ್ನು ಬಿಟ್ಟು ಗೊಬ್ಬರ, ಹುಲ್ಲು, ಆಳು ಇವುಗಳಲ್ಲಿ ಮಾಡಿ. ನಮ್ಮ ಬೆಟ್ಟದ ಸೀಮೆಯಲ್ಲಿ ಇದಕ್ಕೆ ಇರುವಷ್ಟು ಅನುಕೂಲ ಬಯಲುಸೀಮೆಯವರಿಗಿಲ್ಲ. ಹಿಂದೆ ನಾವು ಮಲೆನಾಡು ಗಿಡ್ಡ ಸಾಕುತ್ತಿದ್ದದ್ದು ಲೀಟರುಗಟ್ಟಲೆ ಹಾಲಿಗಲ್ಲ, ಗೊಬ್ಬರಕ್ಕೆ. ಈಗಲೂ ಕಾಫಿ ತೋಟಕ್ಕೆ ಕೊಟ್ಟಿಗೆ ಗೊಬ್ಬರ ಬೇಕು, ದನ ಸಾಕದ ತೋಟದವರು ದೂರದಿಂದ ಲಾರಿಯಲ್ಲಿ ತರಿಸುತ್ತಾರೆ. ಒಂದು ಮಿಶ್ರತಳಿ ಹಸು ದಿನಕ್ಕೆ ಸುಮಾರು 15 ಕಿಲೋ ಸಗಣಿ ಹಾಕಿದರೂ ವರ್ಷಕ್ಕೆ 5 ಟನ್ ದಾಟುತ್ತದೆ. ಅದೇ ಹಸುವಿಗೆ ದಿನಕ್ಕೆ 5, 6 ಕಿಲೋ ಒಣಹುಲ್ಲು ಎಂದರೆ ವರ್ಷಕ್ಕೆ 2 ಟನ್ ಬೇಕು. ನಿಮ್ಮಲ್ಲಿ ಗೊಬ್ಬರ ಇದೆ, ಹುಲ್ಲು ಇಲ್ಲ. ತೋಟದವರ ಗದ್ದೆಯಲ್ಲಿ ಹುಲ್ಲು ಇದೆ, ತೋಟದೊಳಗೆ ಹಸಿಹುಲ್ಲು, ಹಾಲುವಾಣದ ಸೊಪ್ಪು, ಕೊಟ್ಟಿಗೆಗೆ ಹಾಸಲು ದರಗು ಇದೆ. ಎರಡೂ ಕಡೆಯವರು ಈಗ ಹಣ ಕೊಟ್ಟು ಹೊರಗಿನಿಂದ ತರುತ್ತಿದ್ದೀರಿ, ಅರ್ಧ ಹಣ ಲಾರಿ ಬಾಡಿಗೆಗೇ ಹೋಗುತ್ತದೆ. ಇಲ್ಲಿ ಸಾಟಿ ಮಾಡಿದರೆ ಉಳಿಯುವುದು ಆ ಬಾಡಿಗೆ. ಜಾಲವೂ ಬೇಡ, ದಲ್ಲಾಳಿಯೂ ಬೇಡ.

ಆದರೆ ಅಳತೆ ಮೊದಲೇ ಮಾತಾಗಬೇಕು. ಹಸಿ ಸಗಣಿಯಲ್ಲಿ ನೂರಕ್ಕೆ ಎಂಬತ್ತು ಭಾಗ ನೀರು. ಹಸಿಯದು ಒಂದು ಟ್ರ್ಯಾಕ್ಟರ್ ಲೋಡಿಗೂ ಕಳಿತ ಗೊಬ್ಬರದ ಒಂದು ಲೋಡಿಗೂ ಹೋಲಿಕೆಯೇ ಇಲ್ಲ. ಮಳೆಗಾಲದಲ್ಲಿ ತಿಪ್ಪೆಗೆ ಮರೆ ಇಲ್ಲದಿದ್ದರೆ ಸಾರ ತೊಳೆದುಹೋಗುತ್ತದೆ, ಅಂಥದಕ್ಕೆ ತೋಟದವರು ಪೂರ್ತಿ ಬೆಲೆ ಕಟ್ಟಲಾರರು. ಹುಲ್ಲನ್ನು ಕಂತೆ ಎಣಿಸಿ ತರಬೇಡಿ, ಕಂತೆ ಮನೆಗೊಂದು ಗಾತ್ರ. ತೂಕ ಹಾಕಿಸಿ. ಬೂಸಲು ಹಿಡಿದ ಹುಲ್ಲನ್ನು ಬಿಟ್ಟಿ ಕೊಟ್ಟರೂ ತರಬೇಡಿ. ತೋಟದ ಹಸಿಹುಲ್ಲು ಕುಯ್ಯುವ ಮುಂಚೆ ಕಳೆನಾಶಕವೋ ಕೀಟನಾಶಕವೋ ಹೊಡೆದಿದ್ದಾರೆಯೇ, ಹೊಡೆದು ಎಷ್ಟು ದಿನವಾಯಿತು ಎಂದು ತೋಟದ ಯಜಮಾನರನ್ನೇ ಕೇಳಿ. ಆಳುಗಳನ್ನು ಕೇಳಿದರೆ ಸಾಲದು, ಮೇಲಿನ ತುಂಡಿಗೆ ಹೊಡೆದದ್ದು ಕೆಳಗಿನ ತುಂಡಿನವರಿಗೆ ಗೊತ್ತಿರುವುದಿಲ್ಲ. ಬಿದ್ದ ಹಲಸಿನ ಹಣ್ಣು ರಾಶಿ ಸಿಕ್ಕಿತೆಂದು ಒಂದೇ ಸಲ ಹಾಕಿ ಹೊಟ್ಟೆ ಕೆಡಿಸಿಕೊಳ್ಳುವ ಹಸುಗಳ ಕಥೆ ನಿಮಗೆ ಗೊತ್ತೇ ಇದೆ.

ಆಳಿನ ಮುಯ್ಯಿ ಕಾಫಿ ಕುಯ್ಲಿಗೆ ಅಷ್ಟಾಗಿ ಒದಗುವುದಿಲ್ಲ, ಹಣ್ಣು ಎಲ್ಲರ ತೋಟದಲ್ಲೂ ಒಟ್ಟಿಗೇ ಬರುತ್ತದೆ. ಕೊಟ್ಟಿಗೆ ಕೆಲಸಕ್ಕೆ ಒದಗುತ್ತದೆ. ಮದುವೆಗೋ ಆಸ್ಪತ್ರೆಗೋ ಹೋದಾಗ ಎರಡು ಹೊತ್ತು ಹಾಲು ಕರೆದು ಸಂಘಕ್ಕೆ ಹಾಕುವವರು ಪಕ್ಕದ ಮನೆಯಲ್ಲಿ ಇದ್ದರೆ ಅದಕ್ಕಿಂತ ದೊಡ್ಡ ವಿಮೆ ಬೇಕಿಲ್ಲ. ಮೇವು ಕತ್ತರಿಸುವ ಯಂತ್ರವನ್ನು ನಾಲ್ಕು ಮನೆಯವರು ಸರದಿಯಲ್ಲಿ ಬಳಸಿದರೂ ಅದು ವಿನಿಮಯವೇ, ಬ್ಲೇಡು ಸಾಣೆ ಹಿಡಿಸುವ ಖರ್ಚು ಯಾರದೆಂದು ಮಾತ್ರ ಮೊದಲೇ ಆಡಿಕೊಳ್ಳಿ.

ಇದಕ್ಕೆಲ್ಲ ಒಂದು ನೋಟ್‌ಪುಸ್ತಕ ಸಾಕು. ತಾರೀಖು, ಕೊಟ್ಟದ್ದು, ಪಡೆದದ್ದು, ತೂಕ, ಎರಡೂ ಕಡೆಯ ಸಹಿ. ಪ್ರತಿಯೊಂದಕ್ಕೂ ಆ ದಿನದ ರೂಪಾಯಿ ಬೆಲೆ ಪಕ್ಕದಲ್ಲಿ ಬರೆಯಿರಿ. ಆರು ತಿಂಗಳಿಗೊಮ್ಮೆ ಕೂತು ಲೆಕ್ಕ ಚುಕ್ತಾ ಮಾಡಿ, ಬಾಕಿ ಉಳಿದದ್ದನ್ನು ನಗದಿನಲ್ಲಿ ತೀರಿಸಿ. ಬಾಕಿಯನ್ನು ಮುಂದಿನ ವರ್ಷಕ್ಕೆ ಎಳೆಯಬೇಡಿ. ಪುಸ್ತಕವನ್ನು ಸಂಘದ ಕಾರ್ಯದರ್ಶಿಯವರ ತಲೆಗೆ ಕಟ್ಟಬೇಡಿ, ಅವರಿಗೆ ಹಾಲಿನ ಲೆಕ್ಕವೇ ಸಾಕಷ್ಟಿದೆ. ನಿಮ್ಮ ನಿಮ್ಮ ಮನೆಯಲ್ಲೇ ಎರಡು ಪ್ರತಿ ಇರಲಿ.

ಇಷ್ಟು ಕೇಳಿಯೂ ಜಾಲಕ್ಕೆ ಸೇರಬೇಕೆನಿಸಿದವರು ಖಾಲಿ ಕೋಣೆಯನ್ನೋ ನಿಂತ ಜೀಪನ್ನೋ ಅದಕ್ಕೆ ಹಾಕಿ ನೋಡಿ, ಹಾಲನ್ನು ಹಾಕಬೇಡಿ. ಸೇರುವ ಮೊದಲು ಜಾಲದಲ್ಲಿ ಈಗಾಗಲೇ ಇರುವ ಮೂವರನ್ನು ಕಂಡು, ಕಳೆದ ಮೂರು ತಿಂಗಳಲ್ಲಿ ಅವರು ಅಂಕ ಕೊಟ್ಟು ಏನು ತಂದರು, ಯಾವ ದರಕ್ಕೆ ತಂದರು ಎಂದು ಕೇಳಿ. ಹೆಸರು ಹೇಳಲು ಜಾಲದವರು ಹಿಂದೆಮುಂದೆ ನೋಡಿದರೆ ಸದಸ್ಯತ್ವದ ಹಣ ಜೇಬಿನಲ್ಲೇ ಇರಲಿ.

ಗೊಬ್ಬರದ ಅಳತೆಯ ಬಗ್ಗೆ ಪಾಳ್ಯ, ಕುಂದೂರು ಕಡೆಯಿಂದ ಬಂದವರಿಗೆ ಬೇರೆ ರೂಢಿ ಇದ್ದರೆ ಈಗ ಹೇಳಿ, ಎಲ್ಲರೂ ಕೇಳಿಕೊಳ್ಳೋಣ.