ಗೋಣಿಚೀಲದ ಅಪರಾಧ

(ಗಿರಣಿ ಕಾರ್ಮಿಕರು ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಪರದೇಶದ ನೆರವು ಎಂಬ ಮಾತು ಬಂದೊಡನೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ಸಿದ್ಧವಾಗಿರುತ್ತವೆ. ಕೊಟ್ಟವನು ಧರ್ಮಾತ್ಮ, ಕೈಮುಗಿದು ತೆಗೆದುಕೊಳ್ಳಿರಿ ಎಂಬುದು ಒಂದು. ಕೊಟ್ಟವನು ಸಾಮ್ರಾಜ್ಯಶಾಹಿ, ಅವನ ಗೋಧಿಯನ್ನು ಸಮುದ್ರಕ್ಕೆ ಚೆಲ್ಲಿರಿ ಎಂಬುದು ಇನ್ನೊಂದು. ಈ ಎರಡರಲ್ಲಿಯೂ ಹಸಿದವನ ಸುದ್ದಿಯೇ ಇಲ್ಲ. ಇಂದು ನಾವು ಅವನ ಕಡೆಗೆ ನಿಂತು ಈ ಪ್ರಶ್ನೆಯನ್ನು ನೋಡೋಣ. ಅದಕ್ಕೆ 1974ರ ಬಾಂಗ್ಲಾದೇಶಕ್ಕಿಂತ ಸ್ಪಷ್ಟವಾದ ಪಾಠ ಇನ್ನೊಂದಿಲ್ಲ.

1971ರ ಡಿಸೆಂಬರಿನಲ್ಲಿ ಆ ದೇಶ ಸ್ವತಂತ್ರವಾಯಿತು. ಯುದ್ಧದಲ್ಲಿ ಸೇತುವೆ, ರೈಲುದಾರಿ, ಬಂದರುಗಳು ಹಾಳಾಗಿದ್ದವು. ಮುಂದಿನ ಎರಡು ಮೂರು ವರ್ಷಗಳಲ್ಲಿ ಜಗತ್ತಿನ ಪೇಟೆಯಲ್ಲಿ ಗೋಧಿಯ ಧಾರಣೆ ಏರಿತು. 1973ರಲ್ಲಿ ಎಣ್ಣೆಯ ಬೆಲೆಯೂ ಹಾರಿತು. ಹೊಸ ಸರಕಾರದ ಬೊಕ್ಕಸ ಬರಿದಾಗಿತ್ತು. ಪರದೇಶದ ಹಣವನ್ನು ತರುತ್ತಿದ್ದ ಮುಖ್ಯ ಸರಕೆಂದರೆ ಸೆಣಬು ಒಂದೇ. ಆಗ ಆ ಸರಕಾರದ ಸೆಣಬು ನಿಗಮವು ಕ್ಯೂಬಾ ದೇಶಕ್ಕೆ 40 ಲಕ್ಷ ಗೋಣಿಚೀಲಗಳನ್ನು ಮಾರಿತು. ಬಂದೂಕಲ್ಲ, ಮದ್ದುಗುಂಡಲ್ಲ, ನಮ್ಮ ಮಂಡಿಗಳಲ್ಲಿ ದಿನವೂ ಹೊರುವ, ಎಣಿಸುವ ಗೋಣಿಚೀಲ.

ಅಮೆರಿಕೆಯ ಕಾನೂನಿನ ಕಣ್ಣಿಗೆ ಇದೇ ಅಪರಾಧವಾಯಿತು. 1954ರಲ್ಲಿ ಅಲ್ಲಿ ಮಾಡಿದ ಪಿ.ಎಲ್. 480 ಎಂಬ ಕಾನೂನಿನಡಿ ಬಡ ದೇಶಗಳಿಗೆ ಸುಲಭ ಷರತ್ತಿನ ಮೇಲೆ ಧಾನ್ಯ ಹೋಗುತ್ತಿತ್ತು. ಕ್ಯೂಬಾದೊಡನೆ ವ್ಯಾಪಾರ ಮಾಡುವ ದೇಶಕ್ಕೆ ಆ ಧಾನ್ಯ ಸಲ್ಲದೆಂಬ ಷರತ್ತನ್ನು ಅದಕ್ಕೆ ಆಮೇಲೆ ಅಂಟಿಸಲಾಗಿತ್ತು. 1974ರ ಬೇಸಗೆಯಲ್ಲಿ ಈ ಷರತ್ತನ್ನು ಢಾಕಾದ ಸರಕಾರದ ಮುಂದೆ ಹಿಡಿದರು. ಸರಕಾರ ಮಣಿಯಿತು, ಕ್ಯೂಬಾಕ್ಕೆ ಚೀಲ ಕಳಿಸುವುದನ್ನು ನಿಲ್ಲಿಸಿತು. ಆದರೆ ಮಾತುಕತೆ, ಸಹಿ, ಹಡಗು ಎಂದು ತಿಂಗಳುಗಳು ಉರುಳಿದವು. ಈ ನಡುವೆ ಬ್ರಹ್ಮಪುತ್ರಾ ಉಕ್ಕಿ ಬಂದು ಹೊಲಗದ್ದೆಗಳನ್ನು ಮುಳುಗಿಸಿತು. ಆ ಧಾನ್ಯದ ಬಹುಪಾಲು ಬಂದರಿಗೆ ಮುಟ್ಟುವ ಹೊತ್ತಿಗೆ ಕ್ಷಾಮದ ಕೆಟ್ಟ ಕಾಲ ಮುಗಿದೇ ಹೋಗಿತ್ತು.

ಸತ್ತವರು ಎಷ್ಟು? ಸರಕಾರದ ಲೆಕ್ಕ 26 ಸಾವಿರ. ಬೇರೆಯವರ ಅಂದಾಜುಗಳು ಇದಕ್ಕೆ ಎಷ್ಟೋ ಪಟ್ಟು ಹೆಚ್ಚು. ಸುಮಾರು 6 ಸಾವಿರ ಗಂಜಿಕೇಂದ್ರಗಳಲ್ಲಿ 43 ಲಕ್ಷಕ್ಕೂ ಮಿಕ್ಕಿದ ಜನ ತಟ್ಟೆ ಹಿಡಿದು ನಿಂತಿದ್ದರು.

ಇಲ್ಲಿ ನಾವು ಒಂದು ಎಚ್ಚರಿಕೆಯನ್ನು ಇಟ್ಟುಕೊಳ್ಳಬೇಕು. ಎಲ್ಲ ತಪ್ಪನ್ನೂ ಅಮೆರಿಕೆಯ ತಲೆಗೆ ಕಟ್ಟಿದರೆ ಸುಲಭವಾದೀತು, ಸತ್ಯವಾಗಲಾರದು. ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಲೆಕ್ಕ ತೋರಿಸಿದ್ದಾರೆ. ತಲೆಗೆ ಇಷ್ಟೆಂದು ಹಂಚಿ ನೋಡಿದರೆ, ಆಸುಪಾಸಿನ ವರ್ಷಗಳಿಗಿಂತ 1974ರಲ್ಲಿಯೇ ಆ ದೇಶದಲ್ಲಿ ಧಾನ್ಯ ಹೆಚ್ಚಾಗಿತ್ತು! ಹಾಗಾದರೆ ಜನ ಸತ್ತದ್ದೇಕೆ? ನೆರೆಯಿಂದ ಕೂಲಿಯವನ ಕೆಲಸ ಹೋಯಿತು; ಅಕ್ಕಿಯ ಧಾರಣೆ ಏರಿತು; ಅವನ ಕೂಲಿಗೆ ದೊರೆಯುವ ಅಕ್ಕಿ ಕುಗ್ಗಿತು. ರೇಷನ್ನಿನ ಧಾನ್ಯ ಬಹುವಾಗಿ ಪಟ್ಟಣಗಳಿಗೆ ಹೋಗುತ್ತಿತ್ತು. ಸರಕಾರದ ಕೈಯಲ್ಲಿ ದಾಸ್ತಾನು ಇದ್ದಿದ್ದರೆ ಅದನ್ನು ಪೇಟೆಗೆ ಬಿಟ್ಟು ಧಾರಣೆ ಇಳಿಸಬಹುದಾಗಿತ್ತು, ಹಳ್ಳಿಗಳಲ್ಲಿ ಗಂಜಿಯನ್ನು ಮೊದಲೇ ಬೇಯಿಸಬಹುದಾಗಿತ್ತು. ಆ ದಾಸ್ತಾನನ್ನು ಕೊಡಬಲ್ಲವನು ಬೇಕಾದ ಹೊತ್ತಿನಲ್ಲಿ ಕೈ ಹಿಂದೆಗೆದ. ದೇಶದೊಳಗಿನ ಅನ್ಯಾಯ ಬಡವನನ್ನು ದಡಕ್ಕೆ ತಳ್ಳಿತು, ಹೊರಗಿನ ರಾಜಕೀಯ ಅವನ ಕೈಗೆ ಹಗ್ಗ ಸಿಗದಂತೆ ಮಾಡಿತು.

ಇದು ನಮಗೆ ಅಪರಿಚಿತವಾದ ಕತೆಯಲ್ಲ. 1965-66ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ನರು ಭಾರತಕ್ಕೆ ಗೋಧಿಯನ್ನು ತುಸುತುಸುವಾಗಿ ಬಿಡುತ್ತಿದ್ದರು. ವಿಯೆಟ್ನಾಂ ಯುದ್ಧದ ಬಗ್ಗೆ ದಿಲ್ಲಿಯವರು ಆಡಿದ ಮಾತು ಅವರಿಗೆ ಹಿಡಿಸಿರಲಿಲ್ಲ. ಹಡಗು ಬಂದರೆ ಊಟ ಎಂಬ ಸ್ಥಿತಿ ನಮ್ಮದಾಗಿತ್ತು. ಹಾಗೆಂದು ಆ ಗೋಧಿ ಪ್ರಾಣಗಳನ್ನು ಉಳಿಸಲಿಲ್ಲವೆ? ಉಳಿಸಿತು. ನಮ್ಮ ಹಿರಿಯರು ಶಾಲೆಯಲ್ಲಿ ತಿಂದ ಕೇರ್ ಉಪ್ಪಿಟ್ಟು, ಕುಡಿದ ಪುಡಿಹಾಲು ಪರದೇಶದಿಂದಲೇ ಬಂದದ್ದು. ಅದನ್ನು ಬೆಳೆದ ಅಲ್ಲಿಯ ರೈತನ ಮೇಲೆ, ಅಲ್ಲಿಯ ಕಾರ್ಮಿಕನ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ. ಆದರೆ ಅದು ಬರಿಯ ದಾನವೂ ಆಗಿರಲಿಲ್ಲ. ಅವರ ಉಗ್ರಾಣಗಳಲ್ಲಿ ಹೆಚ್ಚಾಗಿ ಬಿದ್ದಿದ್ದ ಧಾನ್ಯಕ್ಕೆ ದಾರಿಯಾಯಿತು. ಅರ್ಧದಷ್ಟು ಅವರ ಹಡಗುಗಳಲ್ಲಿಯೇ ಬರಬೇಕೆಂಬ ಕಾನೂನಿನಿಂದ ಬಾಡಿಗೆಯೂ ಅವರಿಗೆ ಹೋಯಿತು. ಧಾನ್ಯದ ಬೆಲೆಯನ್ನು ನಾವು ರೂಪಾಯಿಯಲ್ಲಿ ಕಟ್ಟುತ್ತ ಬಂದೆವು. ಆ ರಾಶಿ ಎಷ್ಟು ಬೆಳೆಯಿತೆಂದರೆ, 1974ರಲ್ಲಿ ರಾಯಭಾರಿ ಮೊಯ್ನಿಹಾನರು 1,664 ಕೋಟಿ ರೂಪಾಯಿಗಳ ಚೆಕ್ಕನ್ನು ಭಾರತ ಸರಕಾರಕ್ಕೆ ಮರಳಿಸಬೇಕಾಯಿತು.

ಅಂಗಡಿಕಾರ ಮಿತ್ರರೆ, ಮಾನವೀಯ ನೆರವು ಎಂದರೇನೆಂಬುದನ್ನು ನಿಮಗೆ ಯಾರೂ ಪರದೇಶದಿಂದ ಬಂದು ಕಲಿಸಬೇಕಾಗಿಲ್ಲ. ಗಿರಣಿಗೆ ಬೀಗ ಬಿದ್ದಾಗ ಕಾರ್ಮಿಕನ ಹೆಂಡತಿ ನಿಮ್ಮ ಅಂಗಡಿಗೆ ಬಂದು ಜೋಳ ಉದ್ರಿ ಕೇಳುತ್ತಾಳೆ. ನಿಮ್ಮ ಗಂಡ ಯಾವ ಸಂಘದವನು, ಯಾರಿಗೆ ಮತ ಹಾಕುವವನು, ನಮ್ಮ ವೈರಿಯ ಅಂಗಡಿಗೆ ಹೋಗುತ್ತಾನೆಯೆ ಎಂದು ಕೇಳಿದ ಮೇಲೆ ತಕ್ಕಡಿ ಎತ್ತುವವನನ್ನು ನೀವು ಏನೆಂದು ಕರೆಯುತ್ತೀರಿ? ಬಸವಣ್ಣನವರ ನಾಡಿನವರು ನಾವು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಬಲ್ಲೆವು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಉಣ್ಣುವವನಿಗೆ ಉಪಕಾರದ ಭಾರವಿಲ್ಲ, ಬಡಿಸುವವನಿಗೆ ಒಡೆತನದ ಗರ್ವವಿಲ್ಲ.

ಆದುದರಿಂದ ನೆರವನ್ನು ಅಳೆಯಲು ನಾವು ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳಬೇಕು. ಹಸಿದವನ ಊಟವನ್ನು ಅವನ ಸರಕಾರದ ನಡತೆಗೆ ಕಟ್ಟಿದ್ದಾರೆಯೆ? ನೆರವು ಅತ್ಯಂತ ಬಡವನ ಕೈಗೆ ಮುಟ್ಟುತ್ತಿದೆಯೆ, ಇಲ್ಲವೆ ನಡುವಿನವರಲ್ಲಿಯೇ ಉಳಿಯುತ್ತಿದೆಯೆ? ನಾಳೆ ಅದು ನಿಂತರೂ ಅವನು ತನ್ನ ಕಾಲ ಮೇಲೆ ನಿಲ್ಲುವನೆ?

ಈ ಪ್ರಶ್ನೆಗಳು ಇಂದಿಗೂ ಹಳತಾಗಿಲ್ಲ. ಶ್ರೀಮಂತ ದೇಶಗಳು ತಮ್ಮ ವರಮಾನದ ನೂರರಲ್ಲಿ 0.7 ಪಾಲನ್ನು ಕೊಡಬೇಕೆಂದು ವಿಶ್ವಸಂಸ್ಥೆ 1970ರಲ್ಲಿ ಗೊತ್ತುಮಾಡಿತು. ನೂರು ರೂಪಾಯಿಗೆ ಎಪ್ಪತ್ತು ಪೈಸೆ! ಅದನ್ನು ಮುಟ್ಟಿಸಿದ ದೇಶಗಳನ್ನು ಬೆರಳಲ್ಲಿ ಎಣಿಸಬಹುದು. ಅಮೆರಿಕೆಯ ನೆರವಿನ ಇಲಾಖೆಯಾಗಿದ್ದ ಯುಎಸ್‌ಏಡ್ 2025ರ ಜುಲೈಯಲ್ಲಿ ಮುಚ್ಚಿಹೋಯಿತು. ಒಬ್ಬನ ಮರ್ಜಿಯ ಮೇಲೆ ನಿಂತ ಅನ್ನ ಅವನ ಮರ್ಜಿ ತಿರುಗಿದೊಡನೆ ನಿಲ್ಲುತ್ತದೆ.

ಈಗ ಭಾರತವೂ ಕೊಡುವ ದೇಶವಾಗಿದೆ. 2022ರ ಫೆಬ್ರವರಿಯಲ್ಲಿ ನಮ್ಮ ಗೋಧಿ ಅಟ್ಟಾರಿ ಗಡಿ ದಾಟಿ ಪಾಕಿಸ್ತಾನದ ನೆಲದ ಮೂಲಕ ಅಫಘಾನಿಸ್ತಾನಕ್ಕೆ ಹೋಯಿತು. ಕಾಬೂಲಿನ ಸರಕಾರಕ್ಕೆ ಆಗ ದಿಲ್ಲಿಯ ಮಾನ್ಯತೆ ಇರಲಿಲ್ಲ. ಪಾಕಿಸ್ತಾನದೊಡನೆ ಸ್ನೇಹವೂ ಇರಲಿಲ್ಲ. ಆದರೂ ಲಾರಿಗಳು ಹೋದವು. ಅದು ಸರಿಯಾದ ದಾರಿ. ನಾಳೆ ನೇಪಾಳವೋ ಬಾಂಗ್ಲಾದೇಶವೋ ನಮಗೆ ಒಪ್ಪದ ಮಾತಾಡಿದಾಗ, ಅನ್ನ, ಔಷಧಗಳನ್ನು ತಡೆದು ಬುದ್ಧಿ ಕಲಿಸಿರೆಂದು ಕೂಗುವವರು ನಮ್ಮ ಊರಿನಲ್ಲಿಯೂ ಹುಟ್ಟುತ್ತಾರೆ. ಆಗ ಅವರಿಗೆ ಎದುರು ನಿಂತು 1974ರ ಗೋಣಿಚೀಲದ ಕತೆಯನ್ನು ಹೇಳುವ ಹೊಣೆ ನಮ್ಮ ನಿಮ್ಮೆಲ್ಲರದು.