ಕೊನೆಯ ದಿನಗಳ ಶುಶ್ರೂಷೆ



ವಾರ್ಷಿಕೋತ್ಸವದ ಸಭೆಯಲ್ಲಿ ಮರಣದ ಮಾತೇಕೆಂದು ತಾವು ಹುಬ್ಬೇರಿಸಬಹುದು. ಆ ಅಪವಾದವನ್ನು ಹೊತ್ತೇ ನಾವು ಮಾತಿಗೆ ತೊಡಗುತ್ತೇವೆ.

ನಮ್ಮ ಸೋದರಮಾವನವರು ಅರ್ಬುದರೋಗದಿಂದ ಹಾಸಿಗೆ ಹಿಡಿದಾಗ, ದೊಡ್ಡದೊಂದು ಆಸ್ಪತ್ರೆಯವರು “ಇನ್ನು ಮಾಡುವಂಥದೇನೂ ಇಲ್ಲ” ಎಂದು ಹೇಳಿ ಕಳುಹಿದರು. ಆ ಮಾತು ಎಷ್ಟು ತಪ್ಪೆಂಬುದು ನಮಗೆ ಅರಿವಾದುದು ಪಂಚಾಯತಿನ ಪಾಲಿಯೇಟಿವ್ ದಾದಿ ಮನೆಗೆ ಬಂದ ಮೇಲೆ. ಹುಣ್ಣನ್ನು ತೊಳೆದು ಕಟ್ಟಿದರು. ಮಗ್ಗುಲು ಬದಲಿಸುವ ಕ್ರಮವನ್ನು ಮನೆಯವರಿಗೆ ಕಲಿಸಿದರು. ವೈದ್ಯರು ಬರೆದುಕೊಟ್ಟ ಮಾರ್ಫಿನ್ ಗುಳಿಗೆಯಿಂದ ನೋವು ಇಳಿಯಿತು, ನಿದ್ದೆ ಬಂದಿತು. ನಿದ್ದೆಯ ಹಿಂದೆಯೇ ಮಾತೂ ಬಂದಿತು.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸನ್ನು ತೆರೆದ ಸಿಸಿಲಿ ಸಾಂಡರ್ಸರು, ನೋವು ದೇಹಕ್ಕೆ ಮಾತ್ರವಲ್ಲ, ಮನಸ್ಸಿಗೂ ಸಂಸಾರಕ್ಕೂ ಆತ್ಮಕ್ಕೂ ಉಂಟೆಂದು ಬಗೆದವರು. ಆ ವಿಚಾರವು 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಬೇರೂರಿ, 2008ರಲ್ಲಿ ಕೇರಳ ಸರಕಾರದ ನೀತಿಯಾಯಿತು. ದಾದಿ ನಮ್ಮ ಅಂಗಳಕ್ಕೆ ಬಂದುದು ಅದರಿಂದಲೇ.

ಆದರೆ ಅವರಿಗೆ ಕನ್ನಡ ಬಾರದು. ಮಾವನವರ ಮಲೆಯಾಳವೋ ಪೇಟೆಯ ವ್ಯವಹಾರಕ್ಕಷ್ಟೆ ಸಾಕು. ನೋವಿನ ಸ್ಥಳವನ್ನು ಬೆರಳಿಟ್ಟು ತೋರಿದರು. ಭಯವನ್ನು ತೋರಲು ಬೆರಳು ಸಾಲದು. ಒಂದು ಸಂಜೆ ನಮ್ಮ ಕೈ ಹಿಡಿದು, ಗದ್ದೆಯ ಹುಣಿಯ ಜಗಳದಿಂದ ಮೂವತ್ತು ವರ್ಷ ಮಾತು ಬಿಟ್ಟಿದ್ದ ತಮ್ಮನನ್ನು ಕರೆಸಬೇಕೆಂದರು. ತಮ್ಮ ಬಂದರು. ಹುಣಿಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಎಳವೆಯಲ್ಲಿ ನಿದ್ದೆಗೆಟ್ಟು ನೋಡಿದ ಬಯಲಾಟಗಳನ್ನೇ ನೆನೆದು ನಕ್ಕರು.

ಸಂಘದ ತರುಣರು ಸ್ವಯಂಸೇವಕರ ತರಬೇತಿ ಪಡೆದು ದಾದಿಯರೊಡನೆ ಕನ್ನಡದ ಮನೆಗಳಿಗೆ ಹೋಗಬೇಕೆಂಬುದು ನಮ್ಮ ಬಿನ್ನಹ. ವಾರಕ್ಕೊಂದು ಮಧ್ಯಾಹ್ನ ಸಾಕು. ಶಾಲೆಗೆ ರಜೆಯಿರುವ ಶನಿವಾರಗಳಲ್ಲಿ ನಾವೂ ಹೋಗುತ್ತಿದ್ದೇವೆ.